‘ಕರಗುವ ಶಾಖ’: ಯಾವ ಕರಗುವುದು?

ಗೆಳೆಯರೇ,

ಬೆಣ್ಣೆ ಬಿಸಿಗೆ ಕರಗುತ್ತದೆ, ಉಪ್ಪು ನೀರಿಗೆ ಕರಗುತ್ತದೆ. ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರದ ಟಿಪ್ಪಣಿ ಬರೆಯುವಾಗ ‘ಕರಗುವ ಶಾಖ’ ಅಂದರೆ ಮಾತ್ರ ಗೊಂದಲ. ಗಟ್ಟಿ ವಸ್ತು ತಾನೇ ದ್ರವವಾಗುವಾಗಿನ ಶಾಖವೋ, ದ್ರಾವಕದೊಳಗೆ, ಅಂದರೆ ಅದನ್ನು ಕರಗಿಸಿಕೊಳ್ಳುವ ನೀರಿನಂಥ ದ್ರವದೊಳಗೆ, ಸೇರಿಹೋಗುವಾಗಿನ ಶಾಖವೋ?

ಇವೆರಡೂ ಬೇರೆ. ಲ್ಯಾಬಿನಲ್ಲಿ ಸಿಗುವ ಯಾವ ವಸ್ತುವಾದರೂ ದ್ರವವಾಗಲು ಶಾಖ ಹೀರಿಕೊಳ್ಳಲೇಬೇಕು. ನೀರಿಗೆ ಹಾಕಿದಾಗ ಹಾಗಲ್ಲ. ಸಿಂಪಡಿಸಲು ಯೂರಿಯಾ ಕದಡಿದರೆ ಡ್ರಮ್ಮು ತಣ್ಣಗಾಗುತ್ತದೆ. ಮೋಲ್‌ಗೆ (ಅಣುಗಳನ್ನು ಎಣಿಸುವ ಒಂದು ನಿಗದಿತ ಅಳತೆಗೆ) ಸುಮಾರು 15 ಕಿಲೋಜೂಲ್ ಒಳಗೆ ಹೋಗುತ್ತದೆ. ಕಾಸ್ಟಿಕ್ ಸೋಡಾ ಹಾಕಿದರೆ ಸುಮಾರು 44 ಕಿಲೋಜೂಲ್ ಹೊರಗೆ ಬರುತ್ತದೆ, ಪಾತ್ರೆ ಸುಡುತ್ತದೆ.

ಕೆಲವು ಪುಸ್ತಕಗಳು ‘ದ್ರವನ’, ‘ವಿಲೀನ’ ಎಂದು ಬೇರೆ ಮಾಡುತ್ತವೆ. ನನಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ. ಏಕೆಂದರೆ ಕನ್ನಡ ಎರಡಕ್ಕೂ ಒಂದೇ ಪದ ಇಟ್ಟಿರುವುದರಲ್ಲಿ ನಿಜವಾದ ಅರ್ಥವಿದೆ. ಗಟ್ಟಿ ವಸ್ತು ದ್ರಾವಕದಲ್ಲಿ ಕರಗುವುದನ್ನು ಲೆಕ್ಕಕ್ಕೆ ಎರಡು ಹೆಜ್ಜೆ ಮಾಡಿಕೊಳ್ಳಬಹುದು: ಮೊದಲು ಅದು ಹರಳಿನ ಹಿಡಿತ ಬಿಟ್ಟು ದ್ರವವಾಗುತ್ತದೆ, ಆಮೇಲೆ ದ್ರಾವಕದ ಜೊತೆ ಬೆರೆಯುತ್ತದೆ.

ನುಸಿಗುಳಿಗೆಯ ನ್ಯಾಫ್ತಲೀನ್ ನೋಡಿ. ಅದು 80 ಡಿಗ್ರಿಯಲ್ಲಿ ದ್ರವವಾಗುತ್ತದೆ, ಅದಕ್ಕೆ ಮೋಲ್‌ಗೆ ಸುಮಾರು 19 ಕಿಲೋಜೂಲ್ ಬೇಕು. ಈ ಎರಡು ಅಂಕಿಗಳಿಂದಲೇ, ದ್ರಾವಕ ಯಾವುದೆಂದು ಕೇಳದೆ, 25 ಡಿಗ್ರಿಯಲ್ಲಿ ಅದು ಎಷ್ಟು ಕರಗಬೇಕೆಂದು ಲೆಕ್ಕ ಹಾಕಬಹುದು. ದ್ರಾವಣದ ನೂರು ಅಣುಗಳಲ್ಲಿ ಸುಮಾರು ಮೂವತ್ತು ನ್ಯಾಫ್ತಲೀನಿನವು ಎಂದು ಬರುತ್ತದೆ. ಬೆಂಜೀನ್, ಟೊಲೂಯಿನ್ ಎಂಬ ದ್ರಾವಕಗಳಲ್ಲಿ ಅಳೆದಾಗ ಸಿಗುವುದೂ ಹತ್ತಿರ ಹತ್ತಿರ ಅಷ್ಟೇ. ನನಗೆ ಇದು ಬಹಳ ಚೆಂದದ ಲೆಕ್ಕ. ಅಲ್ಲಿ ಬೆರೆಯುವ ಹೆಜ್ಜೆಗೆ ಶಾಖದ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಅಲ್ಲಿ ಎಷ್ಟು ಕರಗುತ್ತದೆಂದು ತೀರ್ಮಾನಿಸುವುದು ಮೊದಲ ಹೆಜ್ಜೆಯೇ. ಆಂತ್ರಸೀನ್, ಫೆನಾಂತ್ರೀನ್ ಎಂಬ ಎರಡು ಗಟ್ಟಿ ವಸ್ತುಗಳದೂ ಒಂದೇ ಅಣುಸೂತ್ರ. ಆದರೆ ಮೊದಲನೆಯದು ದ್ರವವಾಗುವುದು 216 ಡಿಗ್ರಿಗೆ, ಎರಡನೆಯದು 100ರ ಆಸುಪಾಸಿನಲ್ಲಿ. ಬೆಂಜೀನ್‌ನಲ್ಲಿ ಎರಡನೆಯದು ಇಪ್ಪತ್ತು ಪಟ್ಟಿಗೂ ಜಾಸ್ತಿ ಕರಗುತ್ತದೆ.

ನೀರಿಗೆ ಬಂದರೆ ಕಥೆಯೇ ಬೇರೆ. ಅದೇ ನ್ಯಾಫ್ತಲೀನ್ ಲೀಟರಿಗೆ ಸುಮಾರು 30 ಮಿಲಿಗ್ರಾಂ ಮಾತ್ರ. ಮೊದಲ ಹೆಜ್ಜೆ ಅದೇ, ಎಡವುವುದು ಎರಡನೆಯದರಲ್ಲಿ. ಬೆಂಜೀನ್ ಆಗಲೇ ದ್ರವ, ಅದಕ್ಕೆ ಮೊದಲ ಹೆಜ್ಜೆಯೇ ಇಲ್ಲ. ಆದರೂ ಲೀಟರ್ ನೀರಿಗೆ 2 ಗ್ರಾಂ ಕೂಡ ಹಿಡಿಯುವುದಿಲ್ಲ. ಶಾಖ ಸಾಲದೆ ಹೀಗಾಗುತ್ತದೆಯೇ? ಅಲ್ಲ. ಸುಮಾರು 18 ಡಿಗ್ರಿಯಲ್ಲಿ ಬೆಂಜೀನ್ ನೀರಿಗೆ ಬೆರೆಯುವ ಶಾಖ ಸೊನ್ನೆ. ತಡೆಯುವುದು ಎಂಟ್ರೊಪಿ, ಅಂದರೆ ಅಣುಗಳು ಎಷ್ಟು ಬಗೆಯಲ್ಲಿ ಹರಡಿಕೊಂಡಿರಬಹುದು ಎಂಬುದರ ಅಳತೆ. ಹೈಡ್ರೋಜನ್ ಬಂಧದಲ್ಲಿ ಕೈಹಿಡಿದಿರುವ ನೀರಿನ ಅಣುಗಳಿಗೆ ಇಂಥ ಅತಿಥಿಯ ಸುತ್ತ ತಿರುಗಾಡುವ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. 1945ರಲ್ಲಿ ಫ್ರಾಂಕ್ ಮತ್ತು ಇವಾನ್ಸ್ ಎಂಬ ವಿಜ್ಞಾನಿಗಳು ಇದನ್ನು ಅಣುವಿನ ಸುತ್ತ ಕಟ್ಟಿಕೊಳ್ಳುವ ಸಣ್ಣ ಹಿಮಗಡ್ಡೆಯಂತೆ ಚಿತ್ರಿಸಿದರು. ಆ ಚಿತ್ರ ಅತಿಯಾಯಿತು ಅನ್ನುವವರಿದ್ದಾರೆ, ಆದರೆ ಎಂಟ್ರೊಪಿ ಇಳಿಯುವುದು ಅಳತೆಗೆ ಸಿಕ್ಕ ಸಂಗತಿ.

ಹಾಗಾಗಿ ನನಗೆ ಮೂರು ಪದ ಬೇಕು. ಇಡೀ ಕ್ರಿಯೆಗೆ ‘ಕರಗುವ ಶಾಖ’ ಇರಲಿ. ಎರಡನೆಯ ಹೆಜ್ಜೆಗೆ ‘ಬೆರೆಯುವ ಶಾಖ’ ಸಾಕು. ಮೊದಲನೆಯದಕ್ಕೆ ‘ನೀರಾಗುವ ಶಾಖ’ ಅನ್ನೋಣವೇ? ತುಪ್ಪ ನೀರಾಗಿದೆ ಅಂತೀವಲ್ವಾ, ಅಲ್ಲಿ ನೀರು ಅಂದರೆ ಸುಮ್ನೆ ದ್ರವ. ಆಗ ನೀರಾಗುವುದೂ ಬೆರೆಯುವುದೂ ಕೂಡಿ ಕರಗುವುದು ಎಂದು ಮಕ್ಕಳಿಗೆ ಒಂದೇ ಸಾಲಿನಲ್ಲಿ ಹೇಳಬಹುದು. ಆದರೆ ‘ನ್ಯಾಫ್ತಲೀನ್ ನೀರಾಗಿ ಬೆಂಜೀನ್‌ಗೆ ಬೆರೆಯಿತು’ ಎಂದು ಓದಿದವರು ನಿಜವಾದ ನೀರನ್ನೇ ನೆನೆಸಿಕೊಂಡರೆ? ‘ಎರಕ’ ಇಲ್ಲಿಗೆ ಹೊಂದದು, ಅದು ಅಚ್ಚಿಗೆ ಹೊಯ್ಯುವ ಕೆಲಸ.

ಮೇಣ, ತವರ, ಬೆಲ್ಲವನ್ನು ಕಾಯಿಸಿ ದ್ರವ ಮಾಡುವುದಕ್ಕೆ ನಿಮ್ಮ ಕಡೆ ‘ಕರಗಿಸು’ ಬಿಟ್ಟು ಬೇರೆ ಪದವಿದೆಯೇ? ಅಕ್ಕಸಾಲಿಗರ, ಕಂಚುಗಾರರ ಮನೆಮಾತು ಬಲ್ಲವರು ದಯವಿಟ್ಟು ತಿಳಿಸಿ.