ಒಂದೂಕಾಲು ಎಕರೆ ಖುಷ್ಕಿ, ಇಬ್ಬರು ಮಕ್ಕಳು: ಊರಿಗೆ ಹೋದರೆ ಬದುಕು ನಡೆದೀತೆ?

ಹುಣಸೆಮರ

ನಮಸ್ಕಾರ. ತುಂಬ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನಾವಿರುವುದು ಬೆಂಗಳೂರಿನ ಲಗ್ಗೆರೆಯಲ್ಲಿ. ಯಜಮಾನರದು ಪೀಣ್ಯದ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸ, ಕೈಗೆ 24,000 ಬರುತ್ತೆ. ನಾನು ಗಾರ್ಮೆಂಟ್ಸ್, 12,500. ಮಗಳಿಗೆ ಒಂಬತ್ತು, ಮಗನಿಗೆ ಐದು. ಬಾಡಿಗೆ, ಕರೆಂಟು, ನೀರು ಸೇರಿ 10,500. ಇಬ್ಬರ ಶಾಲೆ, ವ್ಯಾನು ತಿಂಗಳಿಗೆ ಹಂಚಿದರೆ 6,000. ಚೀಟಿ, ದಿನಸಿ, ಹಾಲು, ಆಸ್ಪತ್ರೆ ಅಂತ ಕಳೆದರೆ ಇಪ್ಪತ್ತೈದನೇ ತಾರೀಖಿಗೆ ಪರ್ಸು ಖಾಲಿ. ಆರು ವರ್ಷದಲ್ಲಿ ಉಳಿದಿರುವುದು ಎರಡೂವರೆ ಲಕ್ಷ.

ಗುಬ್ಬಿ ತಾಲ್ಲೂಕಲ್ಲಿ ಯಜಮಾನರ ಪಾಲಿಗೆ 1 ಎಕರೆ 10 ಗುಂಟೆ ಬರುತ್ತೆ. ಕೆಂಪು ಮಣ್ಣು, ಮಳೆ ನಂಬಿಕೊಂಡ ಹೊಲ. ಬದುವಿನಲ್ಲಿ ಒಂದು ಹುಣಸೆಮರ, ಎರಡು ಹೊಂಗೆ. ಹಳೇ ಹೆಂಚಿನ ಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾರೆ. ಸದ್ಯಕ್ಕೆ ಹೊಲ ಮಾಡುತ್ತಿರುವುದು ನಮ್ಮ ಮೈದುನ.

ದಸರಾ ರಜಕ್ಕೆ ಮಕ್ಕಳನ್ನು ಅಲ್ಲಿ ಬಿಟ್ಟಿದ್ದೆವು. ಕರೆದುಕೊಂಡು ಬರಲು ಹೋದಾಗ ಮಗಳ ನಾಲಿಗೆ ಗಣಿಕೆಹಣ್ಣು ತಿಂದು ನೇರಳೆ ಬಣ್ಣಕ್ಕೆ ತಿರುಗಿತ್ತು. ಮಗ ಹದಿನೈದು ದಿನದಲ್ಲಿ ಒಂದು ಸಲವೂ ಫೋನು ಕೇಳಲಿಲ್ಲವಂತೆ. ಅವತ್ತಿಂದ ನನಗೆ ಬೇರೆ ಯೋಚನೆಯೇ ಇಲ್ಲ.

ಯಜಮಾನರು ಹೇಳುವುದು: ಉಳಿತಾಯದ ದುಡ್ಡಲ್ಲಿ ಬೋರು ಕೊರೆಸೋಣ, ಸಾಲ ಮಾಡಿ ಎರಡು ಎಚ್‌ಎಫ್ (ಸೀಮೆ ತಳಿ) ಹಸು ಕಟ್ಟೋಣ, ಯುಗಾದಿಗೆ ಇಬ್ಬರೂ ಕೆಲಸ ಬಿಡೋಣ. ನನಗೆ ಆಸೆಯೂ ಇದೆ, ಎದೆಯೂ ಹೊಡೆದುಕೊಳ್ಳುತ್ತೆ. ಮಾಡಿ ನೋಡಿದವರು ಹೇಳಿ.

ಕಣಜ

ತಂಗಿ, ಬೋರು ಹಸು ಆಮೇಲೆ. ಪಹಣಿ ಯಾರ ಹೆಸರಲ್ಲಿದೆ? "ಪಾಲಿಗೆ ಬರುತ್ತೆ" ಅಂದಿದ್ದೀರಿ, ಅಂದರೆ ಬಾಯಿಮಾತಿನ ಭಾಗ ಅನ್ನಿಸುತ್ತೆ. ಮಾವ ತೀರಿಕೊಂಡಿದ್ದು ಪಹಣಿ ಇನ್ನೂ ಅವರ ಹೆಸರಲ್ಲೇ ಇದ್ದರೆ ಮೊದಲು ಮರಣ ಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬರಲಿ. ಆಮೇಲೆ ಸರ್ವೆಯವರಿಂದ 11ಇ ನಕ್ಷೆ (ಯಾರ ಪಾಲು ಎಲ್ಲಿ ಅಂತ ಅಳೆದು ತೋರಿಸುವ ನಕ್ಷೆ) ಮಾಡಿಸಿ ವಿಭಾಗಪತ್ರ ರಿಜಿಸ್ಟರ್ ಆಗಲಿ. ಯಜಮಾನರಿಗೆ ಅಕ್ಕತಂಗಿಯರಿದ್ದರೆ ಅವರನ್ನು ಕೂರಿಸಿಕೊಂಡು ಮಾತಾಡಿ. 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅವರು ಬೇಡ ಅಂದರೂ ಅದು ಕಾಗದದಲ್ಲಿ ಬರಬೇಕು.

ಹೆಸರಿಗೆ ಪಹಣಿ ಇಲ್ಲದೆ ಸೊಸೈಟಿ ಬೆಳೆಸಾಲವೂ ಸಿಗಲ್ಲ. ಕೆಲಸದಲ್ಲಿರುವಾಗಲೇ ಈ ಓಡಾಟ ಮುಗಿಸಿಕೊಳ್ಳಿ.

ಅಕ್ಕಡಿಸಾಲು

ತಂಗಿ, ನಿನ್ನ ಬರಹ ಓದಿ ರಾತ್ರಿಯೇ ಬರೆಯಲು ಕೂತೆ. ನಾವು 2018ರ ಮೇ ತಿಂಗಳಲ್ಲಿ ಹೀಗೇ ಬಂದವರು. ಚಿಕ್ಕನಾಯಕನಹಳ್ಳಿ ಕಡೆ ಒಂದೂವರೆ ಎಕರೆ, ಆಗ ಮಕ್ಕಳಿಗೆ ಏಳು ಮತ್ತು ಮೂರು ವರ್ಷ.

ನಾವು ಮಾಡಿದ ಮೊದಲ ಕೆಲಸವೇ ಬೋರು. 620 ಅಡಿ ಕೊರೆಸಿದೆವು, ಬರೀ ಬಿಳಿ ಧೂಳು ಬಂತು. ಕೇಸಿಂಗು, ಲಾರಿಯವರ ಊಟ ಎಲ್ಲ ಸೇರಿ ಒಂದು ಲಕ್ಷದ ಮೇಲೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಯಿತು. ಬೆಳಗಿನ ಜಾವ ಲಾರಿ ಹೊರಟುಹೋದ ಮೇಲೆ ನಮ್ಮೆಜಮಾನರು ಆ ಧೂಳಿನ ಗುಡ್ಡೆ ಹತ್ತಿರ ಕೂತುಬಿಟ್ಟಿದ್ದರು, ಕರೆದರೂ ಏಳಲಿಲ್ಲ. ಆ ದುಡ್ಡು ಕೈಲಿದ್ದಿದ್ದರೆ ಮುಂದಿನ ಎರಡು ವರ್ಷ ನಾವು ಪಟ್ಟ ಕಷ್ಟ ಅರ್ಧಕ್ಕರ್ಧ ಇರುತ್ತಿರಲಿಲ್ಲ.

ಹಾಗಾದರೆ ನೀರು? ಸೂರಿನ ನೀರು ಹಿಡಿ. ನಮ್ಮ ಮನೆ ಮಾಡು 20ಕ್ಕೆ 30 ಅಡಿ, ಹತ್ತಿರ ಹತ್ತಿರ 56 ಚದರ ಮೀಟರು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರು. ವರ್ಷಕ್ಕೆ 600 ಮಿ.ಮೀ. ಅಂತ ಇಟ್ಟುಕೊಂಡು, ಸೋರಿದ್ದು ಚೆಲ್ಲಿದ್ದು ಐದರಲ್ಲಿ ಒಂದು ಪಾಲು ಕಳೆದರೂ 26,000 ಲೀಟರು ದಕ್ಕುತ್ತೆ. ಕುಡಿಯಕ್ಕೆ, ಅಡುಗೆಗೆ ನಮಗೆ ದಿನಕ್ಕೆ 25 ಲೀಟರು ಸಾಕು, ವರ್ಷಕ್ಕೆ 9,000 ಚಿಲ್ಲರೆ. ಅದಕ್ಕೆ 10,000 ಲೀಟರಿನ ತೊಟ್ಟಿ ಕಟ್ಟಿಸಿದೆವು. ಮೊದಲ ಮಳೆಯ ಕೊಳೆ ನೀರು ಹೊರಕ್ಕೆ ಬಿಡಬೇಕು, ತೊಟ್ಟಿಗೆ ಬೆಳಕು ಬೀಳಬಾರದು, ಸೊಳ್ಳೆ ಹೋಗದ ಹಾಗೆ ಬಾಯಿಗೆ ಬಲೆ ಕಟ್ಟಬೇಕು. ಬಳಕೆಗೆ ಪಂಚಾಯ್ತಿ ನಲ್ಲಿ. ಪಾತ್ರೆ ತೊಳೆದ ನೀರೆಲ್ಲ ಬಾಳೆ, ನುಗ್ಗೆ, ಕರಿಬೇವಿನ ಬುಡಕ್ಕೆ.

ಇನ್ನು ಹೊಲ. ದುಡ್ಡಿನ ಬೆಳೆ ಯೋಚನೆ ಮೂರು ವರ್ಷ ತಲೆಯಿಂದ ತೆಗೆದುಬಿಡು. ನಿನ್ನ ಮನೆ ಒಂದು ವರ್ಷಕ್ಕೆ ಏನು ತಿನ್ನುತ್ತೆ ಅಂತ ಬರೆದುಕೋ. ಐದು ಜನಕ್ಕೆ ತಿಂಗಳಿಗೆ 18 ಕೆಜಿ ರಾಗಿ ಹಿಡಿದರೂ ವರ್ಷಕ್ಕೆ ಎರಡು ಕ್ವಿಂಟಾಲಿನ ಮೇಲೆ ಸ್ವಲ್ಪ. ಎಕರೆಗೆ ಎಂಟು ಕ್ವಿಂಟಾಲ್ ಬಂದರೆ ಅದು ಹನ್ನೊಂದು ಗುಂಟೆಯ ಬೆಳೆ. ಮಳೆ ಕೈಕೊಡುವ ವರ್ಷಕ್ಕೂ ಆಗಲಿ ಅಂತ ಇಪ್ಪತ್ತೈದು ಗುಂಟೆಗೆ ಬಿತ್ತು. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತೆ, ಹಳೇ ಕಾಲದವರು ಹಗೇವು ತೋಡಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ತಳಿ ಜಿಪಿಯು-28 ಅಥವಾ ಎಂಎಲ್-365 ಇರಲಿ, ನಾಲ್ಕು ತಿಂಗಳ ಒಳಗೆ ಕೊಯ್ಲಿಗೆ ಬರುತ್ತವೆ. ಬರೀ ರಾಗಿ ಹಾಕಬೇಡ, ಅಕ್ಕಡಿ ಇಡು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಇಲ್ಲ ಎರಡು ಸಾಲು ತೊಗರಿ. ಹೊಲದ ಅಂಚಿಗೆ ಹುಚ್ಚೆಳ್ಳು, ಜೋಳ, ಎರಡು ಹರಳು ಗಿಡ. 2018ರಲ್ಲಿ ನಮ್ಮ ರಾಗಿ ಮೊಣಕಾಲುದ್ದಕ್ಕೇ ಬಾಡಿಹೋಯಿತು, ಆದರೆ ಅವರೆ ಇಬ್ಬನಿ ಕುಡಿದುಕೊಂಡು ನಿಂತಿತು. ಆ ಚಳಿಗಾಲ ಪೂರ್ತಿ ಹಿದುಕಿದಬೇಳೆ ಸಾರು ಉಂಡೆವು, ಒಣಗಿದ್ದನ್ನು ಮಾರಿ ಮಕ್ಕಳಿಗೆ ಸ್ವೆಟರ್ ತಂದೆವು.

ಸೊಪ್ಪಿಗೆ ದುಡ್ಡೇ ಬೇಡ. ನಿಮ್ಮತ್ತೆಯವರನ್ನು ಕೇಳು, ಅಣ್ಣೆಸೊಪ್ಪು, ಗಣಿಕೆ, ಕಿರಕಸಾಲೆ, ಹೊನಗೊನ್ನೆ ಎಲ್ಲೆಲ್ಲಿ ಬರುತ್ತೆ ಅಂತ ಅವರಿಗೆ ಗೊತ್ತಿರುತ್ತೆ. ಮಳೆ ಬಿದ್ದ ಮೇಲೆ ಬೆರಕೆ ಸೊಪ್ಪು ಕಿತ್ತು ಮಸ್ಸೊಪ್ಪು ಮಾಡಿದರೆ ವಾರದಲ್ಲಿ ಮೂರು ದಿನದ ಸಾರು ಹೊಲದಲ್ಲೇ ಸಿಕ್ಕೀತು. ನನ್ನ ಮಗಳು ಹತ್ತು ವರ್ಷಕ್ಕೆ ಹದಿನಾಲ್ಕು ಸೊಪ್ಪು ಗುರುತು ಹಿಡಿಯುತ್ತಿದ್ದಳು, ಎಲ್ಲ ಅಜ್ಜಿಯ ಜೊತೆ ಹೋಗಿ ಕಲಿತದ್ದು.

ಆದರೂ ತಂಗಿ, ದುಡ್ಡು ಬೇಕೇ ಬೇಕು. ಎಣ್ಣೆ, ಉಪ್ಪು, ಪೆಟ್ರೋಲು, ಫೋನು, ಔಷಧಿ, ಮದುವೆ ಮುಂಜಿ ಮುಯ್ಯಿ ಅಂತ ನಮಗೆ ಈಗ ತಿಂಗಳಿಗೆ 11,000ದಿಂದ 12,000 ನಗದು ಬೇಕಾಗುತ್ತೆ. ಅದು ಹೊಲದಿಂದ ಬರಲ್ಲ. ನಮ್ಮೆಜಮಾನರು ವಾರಕ್ಕೆ ಮೂರು ದಿನ ಪ್ಲಂಬಿಂಗ್ ಕೆಲಸಕ್ಕೆ ಹೋಗುತ್ತಾರೆ, ನಾನು ಬ್ಲೌಸು ಹೊಲಿಯುತ್ತೇನೆ. ನಿಮ್ಮ ಯಜಮಾನರ ಕೈಲಿ ವೈರಿಂಗ್ ಇದೆ, ನಿನಗೆ ಹೊಲಿಗೆ ಗೊತ್ತು. ಹೊಲಕ್ಕಿಂತ ದೊಡ್ಡ ಆಸ್ತಿ ಅದೇ. ಹೊಲಿಗೆ ಮಿಷನ್ನು ಮೊದಲು ಕೊಂಡುಕೋ, ಹಸು ಆಮೇಲೆ.

ಹೊಸಹಳ್ಳಿ

ನಾನು ಹೋಗಿ ಎರಡೇ ವರ್ಷಕ್ಕೆ ವಾಪಸ್ ಬೆಂಗಳೂರಿಗೆ ಬಂದವನು, ಅದಕ್ಕೇ ಬರೆಯುತ್ತಿದ್ದೇನೆ. ನನ್ನನ್ನು ಮುಳುಗಿಸಿದ್ದು ಹಸುವಿನ ಸಾಲ. ಎರಡು ಎಚ್‌ಎಫ್ ತಂದೆ, ನೀರಾವರಿ ಮೇವು ಇರಲಿಲ್ಲ. ಹುಲ್ಲು, ಬೂಸಾ, ಹಿಂಡಿ ಎಲ್ಲ ದುಡ್ಡು ಕೊಟ್ಟೇ ತರಬೇಕಿತ್ತು. ಒಂದಕ್ಕೆ ಕೆಚ್ಚಲು ಬಾವು ಬಂದು ಎರಡು ಮೊಲೆ ಬತ್ತಿಹೋಯಿತು. ಡೇರಿ ದುಡ್ಡು ಬಂದ ದಿನವೇ ಅಂಗಡಿಗೆ ಹೋಗುತ್ತಿತ್ತು, ಕಂತು ಮಾತ್ರ ಹಾಗೇ ನಿಂತಿರುತ್ತಿತ್ತು. ಅಕ್ಕ, ಒಬ್ಬರ ಸಂಬಳ ಒಂದು ವರ್ಷವಾದರೂ ಬಿಡಬೇಡಿ. ನಾನು ಸಂಬಳ ಬಿಟ್ಟೇ ಹೋದೆ, ಅದೇ ತಪ್ಪು. ಮಗಳು ಈಗಲೂ ಕರುವಿನ ಹೆಸರು ಹೇಳಿ ಕೇಳುತ್ತಾಳೆ, ಸಂಕಟ ಆಗುತ್ತೆ.

ಹುಣಸೆಮರ

ಎಲ್ಲವನ್ನೂ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಹಣಿ ಇನ್ನೂ ಮಾವನವರ ಹೆಸರಲ್ಲೇ ಇದೆ ಅಣ್ಣ, ಇಬ್ಬರು ನಾದಿನಿಯರಿದ್ದಾರೆ. ಯಜಮಾನರು ಇಲ್ಲೇ ಕೆಲಸದಲ್ಲಿರುವುದು, ಮುಂದಿನ ಜೂನ್‌ಗೆ ಟಿಸಿ ತೆಗೆದು ನಾನು ಮಕ್ಕಳ ಜೊತೆ ಊರಿಗೆ ಹೋಗುವುದು, ಅವರು ಶನಿವಾರ ರಾತ್ರಿ ಬಂದು ಹೋಗುವುದು ಅಂತ ಮಾತಾಡಿಕೊಂಡಿದ್ದೇವೆ. ಸರ್ಕಾರಿ ಶಾಲೆ ಮನೆಯಿಂದ ಎಂಟು ನಿಮಿಷದ ನಡಿಗೆ, ಮಧ್ಯಾಹ್ನದ ಊಟವೂ ಅಲ್ಲೇ.

ಅಕ್ಕ, ಇನ್ನೆರಡು ಕೇಳಬೇಕು. ಹಸು ಬೇಡ ಅಂದರೆ ಕೋಳಿ ಸಾಕಬಹುದಾ? ಹಾವು, ನೀರು ಅಂದರೆ ನನಗೆ ಭಯ. ಪಕ್ಕದ ಹೊಲದಲ್ಲಿ ಕೃಷಿಹೊಂಡ ಇದೆ.

ಅಕ್ಕಡಿಸಾಲು

ಹೊಂಡದ ಮಾತು ಮೊದಲು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತೆ, ಈಜು ಬರುವ ದೊಡ್ಡವರಿಗೂ ಹತ್ತಲು ಆಗಲ್ಲ. ಪಕ್ಕದವರ ಕೈಕಾಲು ಹಿಡಿದಾದರೂ ಸುತ್ತ ಬೇಲಿ ಹಾಕಿಸು, ಖರ್ಚು ನೀನೇ ಕೊಡು. ಗಂಟು ಹಾಕಿದ ದಪ್ಪ ಹಗ್ಗ ನಾಲ್ಕೂ ಕಡೆಯಿಂದ ನೀರಿಗೆ ಇಳಿಬಿಟ್ಟಿರಲಿ, ಗಾಳಿ ತುಂಬಿದ ಟ್ಯೂಬೊಂದು ತೇಲುತ್ತಿರಲಿ. ನಮ್ಮ ಒಣ ಬೋರಿನ ಬಾಯಿಗೆ ನಾವು ಅವತ್ತೇ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿದೆವು.

ಹಾವು ಬರುವುದು ಇಲಿ ಹುಡುಕಿಕೊಂಡು. ಹುಲ್ಲಿನ ಮೆದೆ, ಸೌದೆ ರಾಶಿ, ಕೋಳಿಗೂಡು ಮನೆಗೆ ಅಂಟಿಕೊಂಡು ಬೇಡ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ಕಚ್ಚಿದ್ದೂ ಗೊತ್ತಾಗದೆ ಇರಬಹುದು. ಮಕ್ಕಳು ಮಂಚದ ಮೇಲೆ ಮಲಗಲಿ, ಸೊಳ್ಳೆಪರದೆಯನ್ನು ಹಾಸಿಗೆ ಅಡಿಗೆ ಸಿಕ್ಕಿಸು. ಕತ್ತಲಾದ ಮೇಲೆ ಬ್ಯಾಟರಿ, ಚಪ್ಪಲಿ ಇಲ್ಲದೆ ಹೊಸ್ತಿಲು ದಾಟಬಾರದು. ಏನಾದರೂ ಆದರೆ ಹಗ್ಗ ಬಿಗಿಯುವುದು, ಕುಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ನೋಡಿಕೊಂಡು ನೇರ ತಾಲ್ಲೂಕು ಆಸ್ಪತ್ರೆಗೆ. ದಾರಿ, ಗಾಡಿ ಯಾರದು ಅಂತ ಈಗಲೇ ಗೊತ್ತು ಮಾಡಿಟ್ಟುಕೋ.

ಕೋಳಿ ಖಂಡಿತ ಸಾಕು. ನಾಲ್ಕು ನಾಟಿ ಹೇಂಟೆ, ಒಂದು ಹುಂಜ. ನಾಟಿದು ವರ್ಷಕ್ಕೆ ಮೂರ್ನಾಲ್ಕು ಸರತಿ, ಸರತಿಗೆ 12–15 ಮೊಟ್ಟೆ ಇಡುತ್ತೆ. ಕಾವಿಗೆ ಕೂರಿಸಿದರೆ 21 ದಿನಕ್ಕೆ ಮರಿ. ಕೊಕ್ಕರೆ ರೋಗದ ಲಸಿಕೆ ತಪ್ಪಿಸಬೇಡ. ಮರಿಗೆ ಮೊದಲ ವಾರದಲ್ಲೇ ಲಸೋಟಾ ಹನಿ, ಎಂಟು ವಾರಕ್ಕೆ ಇಂಜೆಕ್ಷನ್ನು. ಒಂದು ಬೇಸಿಗೆ ನಾನು ಉದಾಸೀನ ಮಾಡಿ ಐದು ದಿನದಲ್ಲಿ ಹದಿನೇಳು ಕೋಳಿ ಹೂತೆ. ಕೋಳಿ ಎಣಿಸಿ ಗೂಡಿಗೆ ಬಿಡುವ ಕೆಲಸ ನಿನ್ನ ಮಗನಿಗೆ ಕೊಡು. ಐದು ವರ್ಷದ ಮಗು ಅಷ್ಟು ಮಾಡುತ್ತೆ, ನನ್ನ ಮಗ ಎಣಿಕೆ ಕಲಿತದ್ದೇ ಅಲ್ಲಿ. ಮಗಳಿಗೆ ಒಂದು ನೋಟ್‌ಬುಕ್ ಕೊಡು, ಯಾವತ್ತು ಮಳೆ ಬಂತು, ಎಷ್ಟು ಮೊಟ್ಟೆ, ಏನು ಖರ್ಚು ಅಂತ ಬರೆಯಲಿ.

ಹುಣಸೆಮರ

ಅಕ್ಕ, ಯಜಮಾನರು ಈ ತಿಂಗಳೇ ಪೌತಿ ಖಾತೆಗೆ ಅರ್ಜಿ ಹಾಕುತ್ತಾರೆ. ನಾದಿನಿಯರನ್ನು ಭಾನುವಾರ ಊರಿಗೆ ಕರೆದಿದ್ದೇವೆ. ಮೈದುನನಿಗೂ ಫೋನ್ ಮಾಡಿದೆ. ಮುಂದಿನ ಮುಂಗಾರಿಗೆ ಅರ್ಧ ಹೊಲ ನಮಗೆ ಬಿಡುತ್ತಾನಂತೆ, ಉಳಿದದ್ದನ್ನು ಅವನೇ ಮಾಡಲಿ, ಕೂರಿಗೆ ಎತ್ತು ಅವನದೇ. ಅತ್ತೆಗೆ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ಬೀಜದ ಅವರೆಕಾಯಿ ಬಳ್ಳಿಯಲ್ಲೇ ಒಣಗಲು ಬಿಟ್ಟಿದ್ದೀನಿ, ಮಾರಲ್ಲ, ಎತ್ತಿಡ್ತೀನಿ ಅಂದರು.

ಅಕ್ಕಡಿಸಾಲು

ಬೂದಿ ಕಲಸಿ ಗಡಿಗೆಯಲ್ಲಿ ಇಡಲು ಹೇಳು, ಹುಳ ಹಿಡಿಯಲ್ಲ. ಜೂನ್‌ನಲ್ಲಿ ನೀನು ಬಂದಮೇಲೆ ತಿಳಿಸು. ಚಿಕ್ಕನಾಯಕನಹಳ್ಳಿಯಿಂದ ಗುಬ್ಬಿ ದೂರವಲ್ಲ, ಎರಡು ಹೇಂಟೆ ನಾನೇ ತಂದುಕೊಡುತ್ತೇನೆ.