ಬಾಡಿಗೆ ಮನೆಯಲ್ಲಿ ನಲ್ಲಿ ಮುಟ್ಟಿದರೆ ಶಾಕ್, ಜವಾಬ್ದಾರಿ ಯಾರದ್ದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವ ಬಾಡಿಗೆ ಮನೆಯಲ್ಲಿ ಗೀಸರ್ ಆನ್ ಇದ್ದಾಗ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಟೆಸ್ಟರ್ ಇಟ್ಟರೆ ಸಣ್ಣಗೆ ಉರಿಯುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ ನೋಡಿದರು. ಮೂರನೇ ತೂತು ಇದೆ, ಅದರ ಹಿಂದೆ ಅರ್ಥಿಂಗ್ ವೈರೇ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ಇಲ್ಲ! ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯೂ ಇಲ್ಲ, ಇರುವ ಎಂಸಿಬಿ (ತಾನಾಗಿ ಆಫ್ ಆಗುವ ಮಾಮೂಲಿ ಸ್ವಿಚ್) ಓವರ್‌ಲೋಡ್ ಅಥವಾ ಶಾರ್ಟ್ ಆದರೆ ಮಾತ್ರ ಬೀಳುತ್ತದೆ, ಮೈಯಲ್ಲಿ ಹರಿಯುವ ಸಣ್ಣ ಕರೆಂಟ್‌ಗೆ ಬೀಳುವುದಿಲ್ಲ, ಆದರೆ ಜೀವ ತೆಗೆಯಲು ಅಷ್ಟೇ ಸಾಕು ಎಂದರು. ಸದ್ಯ ಗೀಸರ್ ಬಂದ್ ಮಾಡಿದ್ದೇವೆ. ಮನೆಯಲ್ಲಿ ಚಿಕ್ಕ ಮಗು ಇದೆ, ತುಂಬಾ ಭಯವಾಗುತ್ತಿದೆ.

ಮಾಲೀಕರಿಗೆ ಫೋಟೋ ಸಮೇತ ಬರೆದು ತಿಳಿಸಿದೆ. "ಗೀಸರ್ ನಿಮ್ಮದು, ನೀವೇ ಸರಿ ಮಾಡಿಸಿಕೊಳ್ಳಿ" ಎಂದರು. ಗೀಸರ್ ನಮ್ಮದೇ, ಅದನ್ನು ರಿಪೇರಿ ಮಾಡಿಸುತ್ತೇವೆ. ಆದರೆ ಗೋಡೆಯೊಳಗಿನ ವೈರಿಂಗ್, ಅರ್ಥಿಂಗ್ ಎಲ್ಲ ಕಟ್ಟಡಕ್ಕೆ ಸೇರಿದ್ದಲ್ವಾ? ವಿದ್ಯುತ್ ಕೊಡುವವರನ್ನು ಕೇಳಿದರೆ ಮೀಟರ್ ತನಕ ಮಾತ್ರ ನಮ್ಮದು ಎನ್ನುತ್ತಾರೆ. ಕರಾರಿನಲ್ಲಿ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು ಅಂತಷ್ಟೇ ಇದೆ. ಇಡೀ ಮನೆಗೆ ಅರ್ಥಿಂಗ್ ಎಳೆಯುವುದು ಸಣ್ಣಪುಟ್ಟ ಕೆಲಸವೇ?

ನನ್ನ ಪ್ರಶ್ನೆ ಇಷ್ಟೇ. ಕಾನೂನಿನ ಪ್ರಕಾರ ಮೀಟರ್‌ನಿಂದ ಸಾಕೆಟ್‌ವರೆಗಿನ ಸುರಕ್ಷತೆ ಮಾಲೀಕರದ್ದೋ, ನಮ್ಮದೋ? ಎಲೆಕ್ಟ್ರಿಷಿಯನ್ ಹತ್ತಿರ ಲಿಖಿತ ವರದಿ ತಗೊಂಡು ಯಾರಿಗೆ ದೂರು ಕೊಡಬೇಕು? ಇಂಥದ್ದನ್ನು ಎದುರಿಸಿದವರು, ವಕೀಲರು ಇದ್ದರೆ ದಯವಿಟ್ಟು ತಿಳಿಸಿ.