‘ದೈವಕರೆ’ ಅಂದರೆ ನಿಮಗೆ ಮೊದಲು ಏನು ಹೊಳೆಯುತ್ತದೆ?

ಗೆಳೆಯರೇ, ನಮಸ್ಕಾರ.

ಹೋದ ವರ್ಷ ನನ್ನ ಅಕ್ಕನ ಮಗಳು ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಆಗಬೇಕೆಂದು ಕಾನ್ವೆಂಟ್, ಅಂದರೆ ಸಿಸ್ಟರುಗಳ ಮಠ, ಸೇರಿದಳು. ಸ್ವಲ್ಪ ದಿನದ ಮೇಲೆ ಪಕ್ಕದ ಮನೆಯ ಅಜ್ಜಿ ಬಂದು, "ಮಗು ಎಲ್ಲಿ, ಕಾಣ್ತಾನೇ ಇಲ್ಲ?" ಅಂದರು. ನಾವು ಚರ್ಚಿನಲ್ಲಿ ಸದಾ ಆಡುವ ಮಾತೇ ಅಕ್ಕನ ಬಾಯಿಗೆ ಬಂತು: "ಅವಳಿಗೆ ದೇವರ ಕರೆ ಬಂತು, ಅಜ್ಜಿ." ಅಜ್ಜಿ ಬಾಗಿಲು ಹಿಡಿದು ಹೊಸ್ತಿಲ ಮೇಲೇ ಕೂತುಬಿಟ್ಟರು. ಕಣ್ಣು ತುಂಬಿಕೊಂಡಿತ್ತು. ಅಕ್ಕ ಗಾಬರಿಯಿಂದ ಫೋನ್ ತೆಗೆದು, ಹಿಂದಿನ ವಾರ ಬಂದಿದ್ದ ಮಗಳ ಫೋಟೋ ತೋರಿಸಿದ ಮೇಲೆಯೇ ಅವರಿಗೆ ಸಮಾಧಾನವಾಯಿತು.

ಅವತ್ತಿನಿಂದ ಈ ಪದ ನನ್ನ ತಲೆಯಲ್ಲಿ ಕೂತಿದೆ.

ದೇವರೇ ಒಬ್ಬರನ್ನು ಇಂಥ ಬದುಕಿಗೆ ಕರೆಯುತ್ತಾರೆ ಅನ್ನುವುದನ್ನು ಕನ್ನಡ ಕಥೋಲಿಕರು ‘ದೈವಕರೆ’ ಅನ್ನುತ್ತಾರೆ, ‘ದೇವಕರೆ’ ಅಂತಲೂ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ವೊಕೇಶನ್. ಅದರ ಬೇರು ಲ್ಯಾಟಿನ್ನಿನ ‘ವೊಕಾರೆ’, ಅಂದರೆ ಕರೆಯುವುದು. ಮಲಯಾಳದಲ್ಲಿ ‘ದೈವವಿಳಿ’, ಕೊಂಕಣಿಯಲ್ಲಿ ‘ಆಪವ್ಣೆಂ’. ಎಲ್ಲದರಲ್ಲೂ ಇರುವುದು ಕರೆಯೇ. ಬೈಬಲಿನ ಬಾಲಕ ಸಮುವೇಲನ ಕತೆ ನೆನಪಿಸಿಕೊಳ್ಳಿ. ರಾತ್ರಿ ಮಲಗಿದ್ದಾಗ ಯಾರೋ ಹೆಸರು ಹಿಡಿದು ಕೂಗುತ್ತಾರೆ. ಗುರು ಏಲಿಯೇ ಕೂಗಿದರೆಂದು ಹುಡುಗ ಮೂರು ಸಲ ಎದ್ದು ಅವರ ಬಳಿ ಓಡುತ್ತಾನೆ. ಕೂಗಿದ್ದು ದೇವರು ಅಂತ ಏಲಿಗೆ ತಿಳಿದದ್ದು ಮೂರನೇ ಸಲ. ನಮ್ಮ ಪದದ ಹಿಂದೆ ಇರುವುದು ಇಂಥ ಕರೆ.

ಆದರೆ ಅಜ್ಜಿ ತಪ್ಪು ತಿಳಿದರು ಅಂತ ನಾನು ಹೇಳಲಾರೆ. ಕನ್ನಡದಲ್ಲಿ ದೇವರು ಕರೆಸಿಕೊಂಡ ಅಂದರೆ ಸಾವು. ‘ದೇವರ ಪಾದ ಸೇರಿದರು’, ‘ದೈವಾಧೀನರಾದರು’ ಅಂತ ಕೇಳಿ ಬೆಳೆದ ಕಿವಿ ‘ದೇವರ ಕರೆ’ಯನ್ನು ಇನ್ನು ಹೇಗೆ ಕೇಳಬೇಕು? ತುಳುನಾಡಿನಲ್ಲಂತೂ ‘ದೈವ’ ಅಂದರೆ ಊರವರು ಕೋಲ ಅನ್ನುವ ಆರಾಧನೆ ನಡೆಸುವ ದೈವ. ಅಲ್ಲಿ ‘ದೈವಕರೆ’ ಬೇರೆಯದೇ ಚಿತ್ರ ಕಟ್ಟಬಹುದು.

ನನಗೆ ಹೊಳೆದದ್ದು ಹೇಳುತ್ತೇನೆ, ಸರಿಯೋ ನೋಡಿ. ‘ದೇವರು ಕರೆದರು’ ಅಂದಾಗ ಇನ್ನೂ ಉತ್ತರಕ್ಕೆ ಜಾಗ ಇದೆ. ‘ದೇವರು ಕರೆಸಿಕೊಂಡರು’ ಅಂದರೆ ಆ ಮನುಷ್ಯ ಹೋಗಿಯೇ ಬಿಟ್ಟಿರುತ್ತಾನೆ, ಏನೂ ಹೇಳುವ ಹಾಗಿಲ್ಲ. ಎರಡನ್ನೂ ಬೇರೆ ಮಾಡುವುದು ‘ಕರೆ’ಗೆ ಅಂಟಿದ ಆ ‘-ಸಿಕೊಳ್ಳು’. ಕ್ರಿಯಾಪದದಲ್ಲಿ ಇಷ್ಟು ಚೆನ್ನಾಗಿ ಕಾಣುವ ಈ ವ್ಯತ್ಯಾಸ ‘ದೇವರ ಕರೆ’ ಅಂತ ನಾಮಪದ ಮಾಡಿದ ಕೂಡಲೇ ಅಳಿಸಿಹೋಗುತ್ತದೆ. ಅರಿಸಮಾಸದ ಮಾತನ್ನು, ಅಂದರೆ ಸಂಸ್ಕೃತದ ‘ದೈವ’ಕ್ಕೆ ಕನ್ನಡದ ‘ಕರೆ’ ಸೇರಿಸಬಾರದು ಅನ್ನುವ ಮಾತನ್ನು, ಯಾರಾದರೂ ಎತ್ತುತ್ತೀರಿ ಅಂತ ಗೊತ್ತು. ನನಗೆ ಅದು ದೊಡ್ಡ ತೊಡಕಲ್ಲ. ಅರ್ಥ ಅಳಿಸಿಹೋಗುವುದೇ ತೊಡಕು.

ಹಾಗಾದರೆ ‘ಸನ್ಯಾಸ’ ಅನ್ನಬಹುದಾ? ನೆರೆಯವರಿಗೆ ಬೇಗ ತಿಳಿಯುತ್ತದೆ, ನಿಜ. ಸಿಸ್ಟರುಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ವ್ರತ ತೆಗೆದುಕೊಳ್ಳುತ್ತಾರೆ. ಅವರ ಮಟ್ಟಿಗೆ ಪದ ಒಪ್ಪುತ್ತದೆ. ಆದರೆ ಊರ ಚರ್ಚಿನ ಫಾದರ್ ಎಷ್ಟೋ ಕಡೆ ಯಾವ ಸನ್ಯಾಸಿ ಸಭೆಗೂ ಸೇರದೆ ನೇರವಾಗಿ ಧರ್ಮಾಧ್ಯಕ್ಷರ (ಬಿಷಪ್) ಕೈಕೆಳಗೆ ಇರುವವರು. ಮದುವೆಯಾಗುವುದಿಲ್ಲ, ಧರ್ಮಾಧ್ಯಕ್ಷರ ಮಾತಿಗೆ ವಿಧೇಯನಾಗಿರುತ್ತೇನೆ ಅಂತ ಮಾತು ಕೊಟ್ಟಿರುತ್ತಾರೆ. ಬಡತನದ ವ್ರತ ಅವರಿಗಿಲ್ಲ. ಅವರನ್ನು ಸನ್ಯಾಸಿ ಅಂದರೆ ತಪ್ಪಾಗುತ್ತದೆ. ಅದೂ ಅಲ್ಲದೆ ಮದುವೆಯಾಗಿ ಸಂಸಾರ ಮಾಡುವುದೂ ಒಂದು ದೈವಕರೆ ಅಂತ ಚರ್ಚು ಹೇಳುತ್ತದೆ. ಅಲ್ಲಿ ‘ಸನ್ಯಾಸ’ ಪೂರ್ತಿ ಕೈಕೊಡುತ್ತದೆ.

ನನ್ನ ಮನಸ್ಸು ವಾಲುತ್ತಿರುವುದು ‘ಓಗೊಡು’ ಕಡೆಗೆ. ಹಳ್ಳಿಯಲ್ಲಿ ದೂರದಿಂದ ಯಾರಾದರೂ ಹೆಸರು ಕೂಗಿದರೆ ‘ಓ’ ಅನ್ನುತ್ತೇವಲ್ಲ, ಅದೇ ಓ. ಓ ಕೊಡುವುದು. ‘ಅವಳು ದೇವರ ಕರೆಗೆ ಓಗೊಟ್ಟಳು’ ಅಂದರೆ ಸಾವಿನ ನೆರಳು ಬೀಳುವುದಿಲ್ಲ. ಹುಡುಗಿ ಬದುಕಿದ್ದಾಳೆ, ಅವಳೇ ಮನಸ್ಸು ಮಾಡಿದ್ದಾಳೆ. ‘ಓಗೊಡುತ್ತಿದ್ದಾಳೆ’ ಅಂದರೆ ಇನ್ನೂ ಸರಿ. ಯಾಕೆಂದರೆ ಇದು ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ. ವ್ರತಕ್ಕೆ ಮುಂಚಿನ ತರಬೇತಿ, ಅಂದರೆ ನೊವಿಶಿಯೇಟ್, ಕಡಿಮೆ ಅಂದರೂ 12 ತಿಂಗಳು. ಆಮೇಲೆ ತಾತ್ಕಾಲಿಕ ವ್ರತ, ಸಾಮಾನ್ಯವಾಗಿ 3ರಿಂದ 6 ವರ್ಷ. ಜೀವನಪೂರ್ತಿಯ ವ್ರತ ಬರುವುದು ಅದೆಲ್ಲ ಆದ ಮೇಲೆ. ನಡುವೆ ತನಗೆ ಬಂದದ್ದು ಈ ಕರೆ ಅಲ್ಲ ಅನ್ನಿಸಿದರೆ ಮನೆಗೆ ಬರಲು ದಾರಿ ಇದೆ. ‘ಕರೆ ಬಂತು’ ಅಂದಾಗ ಇದೆಲ್ಲ ಮುಚ್ಚಿಹೋಗುತ್ತದೆ, ಅಲ್ವಾ?

ಈಗ ಯಾಕೆ ಕೇಳುತ್ತಿದ್ದೇನೆ ಅಂದರೆ, ಈಸ್ಟರ್ ಕಾಲದ ನಾಲ್ಕನೇ ಭಾನುವಾರ ದೈವಕರೆಗಾಗಿ ಪ್ರಾರ್ಥಿಸುವ ದಿನ. ಪೋಪ್ ಆರನೇ ಪೌಲರು 1964ರಲ್ಲಿ ಶುರುಮಾಡಿದ್ದು. ಆ ದಿನ ಹಂಚಲು ನೆರೆಹೊರೆಯವರು ಕೇಳುವ ಪ್ರಶ್ನೆಗಳದ್ದೊಂದು ಪುಟ್ಟ ಪುಸ್ತಿಕೆ ಮಾಡುತ್ತಿದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಅದರಲ್ಲೇ ಇನ್ನೊಂದು ಸಣ್ಣ ತೊಡಕು. ಬಲಿಪೂಜೆಯಲ್ಲಿ (ಇಂಗ್ಲಿಷಿನಲ್ಲಿ ಮಾಸ್) ಕೊಡುವ ರೊಟ್ಟಿಗೆ ನಾವು ‘ಪರಮಪ್ರಸಾದ’ ಅನ್ನುತ್ತೇವೆ. ಕಥೋಲಿಕರಿಗೆ ಅದು ಬರೀ ರೊಟ್ಟಿಯಲ್ಲ, ಸಾಕ್ಷಾತ್ ಕ್ರಿಸ್ತ. ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದು, ಸಿದ್ಧವಾಗಿ ಬಂದವರಿಗೆ ಮಾತ್ರ ಕೊಡುತ್ತಾರೆ. ಆದರೆ ಪ್ರಸಾದ ಅಂದ ಮೇಲೆ ಬಂದವರೆಲ್ಲ ಕೈಯೊಡ್ಡುವುದು ನಮ್ಮ ನಾಡಿನ ರೂಢಿ. ಭಕ್ತಿಯಿಂದ ಸಾಲಿನಲ್ಲಿ ನಿಂತ ಗೆಳತಿಗೆ ಬೇಡ ಅಂತ ಹೇಳಬೇಕಾದಾಗ ನನಗೆ ಬಹಳ ಸಂಕಟವಾಗಿತ್ತು. ಪದ ಬದಲಾಯಿಸುವ ಆಸೆ ನನಗಿಲ್ಲ, ಅದು ನಮ್ಮ ನಾಲಿಗೆಯಲ್ಲಿ ಬೆರೆತುಹೋಗಿದೆ. ನೋಯಿಸದೆ ವಿವರಿಸುವ ಒಂದೆರಡು ಸಾಲು ಹೊಳೆದರೆ ಬರೆಯಿರಿ.

‘ದೈವಕರೆ’ಯ ಬಗ್ಗೆ ಮಾತ್ರ ಎಲ್ಲರೂ ಉತ್ತರಿಸಿ. ಯಾವ ಧರ್ಮದವರಾದರೂ ಸರಿ, ಯಾವ ಊರಿನವರಾದರೂ ಸರಿ. "ಅವನಿಗೆ ದೇವರ ಕರೆ ಬಂತು" ಅಂತ ಯಾರಾದರೂ ಅಂದರೆ ನಿಮ್ಮ ಕಡೆ ಏನಂತ ತಿಳಿಯುತ್ತಾರೆ? ‘ಓಗೊಡು’ ನಿಮ್ಮ ಮನೆಯ ಹಿರಿಯರಿಗೆ ಸಲೀಸಾಗಿ ಅರ್ಥವಾಗುತ್ತದಾ, ಅಥವಾ ಪುಸ್ತಕದ ಮಾತು ಅನ್ನಿಸುತ್ತದಾ? ಸಾಧ್ಯವಾದರೆ ಅವರನ್ನೇ ಕೇಳಿ ಬರೆಯಿರಿ.